ಪೆಪ್ಟೈಡ್ ನಳಿಗೆಗಳಿಂದ ತೇವಾಂಶ ಸೆನ್ಸರ್: ನಾನು ಮಾಡಿಕೊಂಡ ಬಗೆ

ಡೈಫಿನೈಲ್‌ಅಲನಿನ್ ಎರಡೇ ಅಮೈನೊ ಆಮ್ಲಗಳ ಪುಟ್ಟ ಪೆಪ್ಟೈಡ್. ನೀರಿಗೆ ಬಿದ್ದರೆ ತಂತಾನೇ ಕೂಡಿಕೊಂಡು ನಳಿಗೆಯಾಗುತ್ತದೆ. ಟೆಲ್ ಅವೀವ್‌ನಲ್ಲಿ ರೆಚೆಸ್ ಮತ್ತು ಗಾಜಿಟ್ ಎಂಬ ವಿಜ್ಞಾನಿಗಳು ಇದನ್ನು 2003ರಲ್ಲಿ ತೋರಿಸಿದರು. ನಳಿಗೆಯ ಗೋಡೆಯಲ್ಲಿ ಸುಮಾರು 1 ನ್ಯಾನೊಮೀಟರ್ ಅಗಲದ, ನೀರನ್ನು ಹಿಡಿದಿಡುವ ಕಾಲುವೆಗಳಿವೆ. ತೇವ ಹೆಚ್ಚಿದಂತೆ ಅಯಾನುಗಳಿಗೆ ಹಾದಿ ಸಲೀಸಾಗಿ ರೋಧ ಇಳಿಯುತ್ತದೆ, ಕೆಪಾಸಿಟೆನ್ಸ್ (ವಿದ್ಯುತ್ ಹಿಡಿದಿಡುವ ಸಾಮರ್ಥ್ಯ) ಏರುತ್ತದೆ.

10 ಮಿ.ಗ್ರಾಂ ಪುಡಿಯನ್ನು 100 ಮೈಕ್ರೊಲೀಟರ್ ಎಚ್‌ಎಫ್‌ಐಪಿ (ಹೆಕ್ಸಾಫ್ಲೂರೊಐಸೊಪ್ರೊಪನಾಲ್) ದ್ರಾವಕದಲ್ಲಿ ಕರಗಿಸುತ್ತೇನೆ. ಈ ದ್ರಾವಕ ಚರ್ಮ, ಕಣ್ಣು ಸುಡುತ್ತದೆ, ಹಲವು ಪ್ಲಾಸ್ಟಿಕ್‌ಗಳನ್ನೂ ಕರಗಿಸುತ್ತದೆ. ಹಾಗಾಗಿ ಗಾಜಿನ ಸೀಸೆ, ಕೈಗವಸು, ಫ್ಯೂಮ್ ಹುಡ್ ಬೇಕೇ ಬೇಕು. ದ್ರಾವಣ ಆಯಾ ದಿನದ್ದೇ ಇರಬೇಕು. ಇಟ್ಟದ್ದರಲ್ಲಿ ಮೊದಲೇ ಗಂಟುಕಟ್ಟುವ ಭಯವಿದೆ. ಅದರಲ್ಲಿ 20 ಮೈಕ್ರೊಲೀಟರನ್ನು 980 ಮೈಕ್ರೊಲೀಟರ್ ಶುದ್ಧ ನೀರಿಗೆ ಬೆರೆಸಿದರೆ ಮಿ.ಲೀ.ಗೆ 2 ಮಿ.ಗ್ರಾಂ ಆಗುತ್ತದೆ. ಸ್ವಲ್ಪ ಹೊತ್ತಿಗೆ ನೀರು ಹಾಲಿನಂತೆ ಮಸುಕಾಗುತ್ತದೆ. ನಳಿಗೆ ಕಟ್ಟಿದೆ ಎಂಬುದಕ್ಕೆ ಅದೇ ಗುರುತು.

ಬಾಚಣಿಗೆಯ ಹಲ್ಲುಗಳಂತೆ ಹೆಣೆದ ಚಿನ್ನದ ಎಲೆಕ್ಟ್ರೋಡ್ ಮೇಲೆ 3 ಮೈಕ್ರೊಲೀಟರ್ ಹನಿ. ಹಲ್ಲುಗಳ ನಡುವೆ 10 ಮೈಕ್ರೊಮೀಟರ್ ಅಂತರವಿದ್ದರೆ ಉದ್ದ ನಳಿಗೆಗಳು ಸುಲಭವಾಗಿ ದಾಟುತ್ತವೆ. ತಾಮ್ರ ಬೇಡ, ತೇವಕ್ಕೆ ಕಿಲುಬು ಹಿಡಿಯುತ್ತದೆ.

ಕೆಲಸ ಕೆಡುವುದು ಹೆಚ್ಚಾಗಿ ಒಣಗಿಸುವಾಗ. ಫ್ಯಾನ್ ಗಾಳಿಗೆ ಬಿಟ್ಟರೆ ನಳಿಗೆಗಳೆಲ್ಲ ಹನಿಯ ಅಂಚಿಗೆ ಸರಿದು, ಕಾಫಿ ಕಲೆಯಂತೆ ಉಂಗುರ ಕಟ್ಟಿ, ನಡುವೆ ಬರಿದಾಗುತ್ತದೆ. ಒಂದೇ ದ್ರಾವಣದ ಎರಡು ಸೆನ್ಸರ್‌ಗಳು ಬೇರೆಬೇರೆ ಲೆಕ್ಕ ಕೊಡಲು ಇದೇ ಕಾರಣ. ಪೆಟ್ರಿ ತಟ್ಟೆ ಮುಚ್ಚಿ, ಪಕ್ಕದಲ್ಲಿ ಒದ್ದೆ ಟಿಶ್ಯೂ ಇಟ್ಟು ರಾತ್ರಿಯಿಡೀ ನಿಧಾನವಾಗಿ ಒಣಗಲು ಬಿಡಿ. ಆಮೇಲೆ ವ್ಯಾಕ್ಯೂಮ್‌ನಲ್ಲಿ ಉಳಿದ ದ್ರಾವಕ ತೆಗೆಯಿರಿ. ಬೇಗ ಆಗಲೆಂದು 150 ಡಿಗ್ರಿಗೆ ಕಾಯಿಸಬಾರದು: ಅಣುವೇ ಮುಚ್ಚಿದ ಉಂಗುರವಾಗಿ, ನೀರು ಹಿಡಿಯುವ ಗುಣ ಬದಲಾಗುತ್ತದೆ.

ಪುಡಿ ಟ್ರೈಫ್ಲೂರೊಅಸಿಟೇಟ್ ಲವಣದ ರೂಪದಲ್ಲಿದ್ದರೆ ಹೆಚ್ಚುವರಿ ಅಯಾನುಗಳಿಂದ ಸೆನ್ಸರ್ ತೀರಾ ಚುರುಕೆಂದು ಕಾಣುತ್ತದೆ. ಆ ಚುರುಕು ಉಪ್ಪಿನದು, ನಳಿಗೆಯದಲ್ಲ. ಡಿಸಿಯಲ್ಲಿ ಅಳೆದರೂ ಮೋಸವೇ, ಅಯಾನುಗಳು ಎಲೆಕ್ಟ್ರೋಡಿನ ಬಳಿ ಗುಂಪಾಗಿ ಅಂಕಿ ಜಾರುತ್ತಲೇ ಇರುತ್ತದೆ. 1 ಕಿಲೊಹರ್ಟ್ಸ್ ಎಸಿ, 100 ಮಿಲಿವೋಲ್ಟ್ ಸಾಕು.

ಅಳತೆಗೆ ಮುಚ್ಚಿದ ಸೀಸೆಗಳಲ್ಲಿ, ತಳದಲ್ಲಿ ಕರಗದ ಉಪ್ಪು ಉಳಿಯುವಷ್ಟು ಗಟ್ಟಿ ದ್ರಾವಣಗಳು. ಅವುಗಳ ಮೇಲಿನ ಗಾಳಿಯ ಸಾಪೇಕ್ಷ ತೇವಾಂಶ 25 ಡಿಗ್ರಿಯಲ್ಲಿ ಹೀಗಿರುತ್ತದೆ: ಲಿಥಿಯಂ ಕ್ಲೋರೈಡ್ 11%, ಮೆಗ್ನೀಸಿಯಂ ಕ್ಲೋರೈಡ್ 33%, ಅಡುಗೆ ಉಪ್ಪು 75%, ಪೊಟ್ಯಾಸಿಯಂ ಕ್ಲೋರೈಡ್ 84%. ಅದಕ್ಕಿಂತ ಮೇಲೆ ಹೋಗುವುದಿಲ್ಲ. ಇಬ್ಬನಿ ಕಟ್ಟಿದರೆ ನಳಿಗೆ ಆ ನೀರಿನಲ್ಲೇ ಕರಗತೊಡಗುತ್ತದೆ.

ಬೆಂಗಳೂರಿನ ಜವಾಹರಲಾಲ್ ನೆಹರೂ ಕೇಂದ್ರದವರು 2014ರಲ್ಲಿ ಕೊರೊನೀನ್–ವಯೊಲೊಜೆನ್ ಎಂಬ ಎರಡು ಸಾವಯವ ಅಣುಗಳ ನ್ಯಾನೊಎಳೆಯಿಂದ ಉಸಿರಿನ ತೇವವನ್ನೇ ಕ್ಷಣಮಾತ್ರದಲ್ಲಿ ಹಿಡಿದರು. ದಪ್ಪಗೆ ಹನಿಸಿದ ಪದರಕ್ಕೆ ಆ ವೇಗ ಬರದು, ನೀರು ಒಳಗೆ ಇಳಿಯಲು, ಹೊರಬರಲು ಹೊತ್ತು ಬೇಕು. ಅದಕ್ಕೇ ಪ್ರತಿ ಸೀಸೆಯಲ್ಲೂ ಅರ್ಧ ಗಂಟೆ ಕಾದು, 11ರಿಂದ 84ಕ್ಕೆ ಏರಿಸಿ, ಮತ್ತೆ 11ಕ್ಕೆ ಇಳಿಸಿ, ಏರಿಕೆ, ಇಳಿಕೆಯ ಎರಡೂ ಗೆರೆಗಳನ್ನು ಒಂದೇ ಹಾಳೆಯಲ್ಲಿ ಬರೆಯುತ್ತೇನೆ. ಅವುಗಳ ನಡುವಿನ ಅಂತರವೇ ಸೆನ್ಸರ್ ಎಷ್ಟು ಹಿಂದೆ ಬೀಳುತ್ತದೆ ಎಂದು ತೋರಿಸುತ್ತದೆ.