ಅಮ್ಮನ ಮಗ್ಗುಲು ಬದಲಿಸುತ್ತಾ ಕಲಿತ ನಿತ್ಯತ್ವ

ನನಗೆ ನಲವತ್ತಾರು ತುಂಬಿದ ವರ್ಷ ದಿನ ಎಣಿಸಲು ಶುರು ಮಾಡಿದೆ. ನಮ್ಮ ದಿನಗಳನ್ನು ಎಣಿಸುವುದನ್ನು ಕಲಿಸು ಎಂದು ಬೈಬಲಿನ 90ನೇ ಕೀರ್ತನೆಯಲ್ಲಿ ಮೋಶೆ ಬೇಡುತ್ತಾನಲ್ಲ, ಅದನ್ನು ಅಕ್ಷರಶಃ ಹಿಡಿದೆ. ಆಯುಸ್ಸು 70 ವರ್ಷ, ಬಲವಿದ್ದರೆ 80 ಎಂದು ಅದೇ ಕೀರ್ತನೆ ಹೇಳುತ್ತದೆ. 70ಕ್ಕೆ ಲೆಕ್ಕ ಹಾಕಿದರೆ ನನಗೆ ಉಳಿದದ್ದು 24 ವರ್ಷ, ಅಂದರೆ 8,760 ದಿನ. ಆ ಅಂಕಿಯನ್ನು ನೋಟ್‌ಬುಕ್ಕಿನಲ್ಲಿ ಬರೆದು ದಿನಾ ಬೆಳಗ್ಗೆ ಪ್ರಾರ್ಥನೆ ಆದಮೇಲೆ ಒಂದೊಂದೇ ಕಳೆಯುತ್ತಾ ಬಂದೆ. ನಿತ್ಯತ್ವವನ್ನು ಕಣ್ಣ ಮುಂದಿಟ್ಟುಕೊಂಡು ಬದುಕುವುದು ಎಂದರೆ ಇದೇ ಅಂದುಕೊಂಡಿದ್ದೆ.

ಅದರಿಂದ ಬಂದದ್ದು ಜ್ಞಾನವಲ್ಲ, ಆತುರ. ಯಾರಾದರೂ ಕೂತು ಮಾತಾಡಿದರೆ ಗಡಿಯಾರ ನೋಡುತ್ತಿದ್ದೆ. ಮನೆಕೆಲಸ, ಕಚೇರಿ ಕೆಲಸ ಎಲ್ಲವೂ ಹೇಗೋ ಮುಗಿಸಿ ಎದ್ದು ಹೋಗಬೇಕಾದ ಬಾಬತ್ತಾಗಿ ಕಂಡವು. ಇನ್ನೂ ಕೆಟ್ಟದ್ದೊಂದಿತ್ತು. ಅಪ್ಪ ಬಿಟ್ಟುಹೋದ ಮನೆಯ ಪಾಲಿನ ವಿಷಯಕ್ಕೆ ನಾನೂ ಅಣ್ಣನೂ ಮೂರು ವರ್ಷದಿಂದ ಮಾತು ಬಿಟ್ಟಿದ್ದೆವು. "ಅದೆಲ್ಲ ಲೋಕದ ವಿಷಯ, ನನ್ನ ಮನಸ್ಸು ಪರಲೋಕದ ಮೇಲಿದೆ" ಎಂದು ಸಭೆಯಲ್ಲಿ ಹೇಳಿಕೊಂಡು ತಿರುಗುತ್ತಿದ್ದೆ. ಅಣ್ಣನ ಮೇಲಿನ ದ್ವೇಷಕ್ಕೆ ನಾನು ಕೊಟ್ಟಿದ್ದ ಭಕ್ತಿಯ ಹೆಸರು ಅದು.

ಆಮೇಲೆ ಅಮ್ಮನಿಗೆ ಪಾರ್ಶ್ವವಾಯು ಹೊಡೆಯಿತು. ಎಡಭಾಗ ಪೂರ್ತಿ ನಿಂತುಹೋಯಿತು. ಹಾಸಿಗೆ ಹುಣ್ಣು ಆಗದಿರಬೇಕಾದರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ ತಪ್ಪಬಾರದು ಎಂದರು ಡಾಕ್ಟರ್. ಮೊಣಕಾಲನ್ನು ಮಡಚಿ, ಒಂದು ಕೈ ಭುಜಕ್ಕೆ, ಒಂದು ಕೈ ಸೊಂಟಕ್ಕೆ ಕೊಟ್ಟು ನಿಧಾನವಾಗಿ ನಮ್ಮ ಕಡೆಗೆ ಹೊರಳಿಸಬೇಕು. ಬೆನ್ನಿಗೊಂದು ದಿಂಬು, ಮೊಣಕಾಲುಗಳ ನಡುವೆ ಇನ್ನೊಂದು. ಹಿಮ್ಮಡಿ ಹಾಸಿಗೆಗೆ ತಾಗಬಾರದು. ಸೊಂಟದ ಕೆಳಗೆ, ಹಿಮ್ಮಡಿಯಲ್ಲಿ ಚರ್ಮ ಕೆಂಪಾಗಿದೆಯೇ ಎಂದು ಪ್ರತಿ ಸಲ ನೋಡಬೇಕು. ಬೆರಳಿಂದ ಒತ್ತಿದಾಗ ಆ ಕೆಂಪು ಮಾಯವಾಗದೆ ಹಾಗೇ ಉಳಿದರೆ ಹುಣ್ಣು ಶುರುವಾಗುತ್ತಿದೆ ಎಂದು ಅರ್ಥ. ದಿನಕ್ಕೆ ಹನ್ನೆರಡು ಸಲ ಇದೇ ಕೆಲಸ.

ಒಂದು ರಾತ್ರಿ ಎರಡು ಗಂಟೆಯ ಅಲಾರಂಗೆ ಎದ್ದು ಅಮ್ಮನನ್ನು ಹೊರಳಿಸಿ, ನಿದ್ದೆ ಬಾರದೆ ಸತ್ಯವೇದ ತೆರೆದೆ. ಕೊರಿಂಥದವರಿಗೆ ಬರೆದ ಎರಡನೇ ಪತ್ರಿಕೆಯ ನಾಲ್ಕನೇ ಅಧ್ಯಾಯ. ನಮ್ಮ ಸಂಕಟ ಕ್ಷಣಮಾತ್ರದ್ದು, ಹಗುರವಾದದ್ದು ಎನ್ನುತ್ತಾನೆ ಆ ಪತ್ರಿಕೆ ಬರೆದ ಅಪೊಸ್ತಲ ಪೌಲ. ನನಗೆ ಸಿಟ್ಟೇ ಬಂತು. ತೋಳು ಬಿದ್ದುಹೋಗುವಷ್ಟು ನೋಯುತ್ತಿತ್ತು. ಕೈಲಾಗದ ಮೈಯ ಭಾರ ಎತ್ತಿದವರಿಗೇ ಗೊತ್ತು. ಆದರೂ ಓದುತ್ತಾ ಹೋದೆ. ಅದೇ ಪತ್ರಿಕೆಯ ಹನ್ನೊಂದನೇ ಅಧ್ಯಾಯದಲ್ಲಿ ಅವನು ತನ್ನ ಲೆಕ್ಕ ಬಿಚ್ಚಿಡುತ್ತಾನೆ: ಐದು ಸಲ 39 ಏಟು, ಮೂರು ಸಲ ಕೋಲುಗಳಿಂದ ಹೊಡೆತ, ಒಮ್ಮೆ ಕಲ್ಲೆಸೆತ, ಮೂರು ಸಲ ಹಡಗು ಒಡೆದದ್ದು. ಹಗುರ ಎಂದವನು ಇವನು! ನೋವಿಲ್ಲ ಎಂದು ಅವನು ಹೇಳುತ್ತಿಲ್ಲ. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನಿದೆ ಎಂದು ತೋರಿಸುತ್ತಿದ್ದಾನೆ. ಮಹಿಮೆ ಎನ್ನುವುದಕ್ಕೆ ಹೀಬ್ರೂವಿನಲ್ಲಿರುವ ಪದದ ಮೂಲವೇ ತೂಕ, ಭಾರ. ಆ ಭಾರದ ಎದುರು ಇದು ಹಗುರ.

ಅಮ್ಮನನ್ನು ನೋಡಲು ಬಂದ ವಿಶ್ವಾಸಿಗಳು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದರು: "ದೇಹ ಬರೀ ಗೂಡು, ಬಿಟ್ಟುಹೋದರೆ ಅಮ್ಮನಿಗೆ ಬಿಡುಗಡೆ." ಬೇರೆಯವರ ಮನೆಯಲ್ಲಿ ನಾನೂ ಹೀಗೇ ಹೇಳಿ ಬಂದಿದ್ದೇನೆ. ದಿನಕ್ಕೆ ಹನ್ನೆರಡು ಸಲ ಆ ದೇಹವನ್ನು ಮುಟ್ಟುತ್ತಾ ಹೋದಹಾಗೆ ಆ ಮಾತು ನನ್ನ ಬಾಯಿಂದ ಹೊರಡದಾಯಿತು. ಯೇಸು ಸಾವಿನಿಂದ ಎದ್ದು ಬಂದದ್ದು ಬರೀ ಆತ್ಮವಾಗಿ ಅಲ್ಲ. ಶಿಷ್ಯ ತೋಮನಿಗೆ ತನ್ನ ಕೈಗಳನ್ನು, ಪಕ್ಕೆಯನ್ನು ತೋರಿಸಿದನು. ಶಿಷ್ಯರ ಮುಂದೆ ಸುಟ್ಟ ಮೀನಿನ ತುಂಡು ತಿಂದನು. ಪೌಲ ಈ ದೇಹವನ್ನು ಗುಡಾರ ಎಂದು ಕರೆಯುತ್ತಾನೆ, ನಿಜ. ಆದರೆ ಅವನು ಗುಡಾರ ಮಾಡಿಯೇ ಹೊಟ್ಟೆ ಹೊರೆದವನು, ಅದಕ್ಕೆ ಹಾಕಬೇಕಾದ ಒಂದೊಂದು ಹೊಲಿಗೆಯೂ ಅವನಿಗೆ ಗೊತ್ತು. ಬೆತ್ತಲೆಯಾಗಲು ನಮಗೆ ಇಷ್ಟವಿಲ್ಲ, ಇದರ ಮೇಲೆ ಇನ್ನೊಂದನ್ನು ತೊಟ್ಟುಕೊಳ್ಳಬೇಕೆಂದು ನರಳುತ್ತೇವೆ ಎಂದು ಅವನೇ ಬರೆಯುತ್ತಾನೆ. ಹಾಗಾದರೆ ನಾನು ಒರೆಸುತ್ತಿದ್ದ ಈ ಬೆನ್ನು, ಬೆರಳು ಮಡಚಿಕೊಂಡ ಈ ಎಡಗೈ ಕೂಡ ಕರ್ತನ ನಾಳೆಗೆ ಸೇರಿದ್ದು. ಅವತ್ತಿನಿಂದ ಮಗ್ಗುಲು ಬದಲಿಸುವಾಗ ಅವಸರ ಮಾಡುವುದನ್ನು ಬಿಟ್ಟೆ. ಮಡಚಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಸಂದಿಗಳನ್ನು ಬಿಸಿನೀರಿನ ಬಟ್ಟೆಯಿಂದ ಒರೆಸಿ, ಒಣಗಿಸಿ, ಮತ್ತೆ ಅವು ತಾವಾಗಿ ಮಡಚಿಕೊಳ್ಳುವ ತನಕ ಹಿಡಿದುಕೊಂಡೇ ಕೂರುತ್ತಿದ್ದೆ.

ಇನ್ನೊಂದು ವಿಷಯ ಆ ದಿನಗಳಲ್ಲೇ ಕಣ್ಣಿಗೆ ಬಿತ್ತು. ಮೊದಲನೇ ಕೊರಿಂಥ 15ನೇ ಅಧ್ಯಾಯ ಪೂರ್ತಿ ಪುನರುತ್ಥಾನದ ಮೇಲಿದೆ, 58 ವಚನ. ಮರಣವೇ, ನಿನ್ನ ಜಯವೆಲ್ಲಿ ಎಂದು ಕೂಗಿದ ಮೇಲೆ ಪೌಲ ಹೇಳುವ ಕೊನೆಯ ಮಾತು, ಕರ್ತನಲ್ಲಿ ನೀವು ಪಡುವ ಪ್ರಯಾಸ ವ್ಯರ್ಥವಲ್ಲ ಎಂಬುದು. ಅದರ ಮುಂದಿನ ಸಾಲು, ಅಂದರೆ 16ನೇ ಅಧ್ಯಾಯದ ಮೊದಲ ಸಾಲು, ದೇವಜನರಿಗಾಗಿ ಹಣ ಕೂಡಿಸುವ ವಿಚಾರ. ಅಧ್ಯಾಯದ ಅಂಕಿಗಳು ಸೇರಿದ್ದು 13ನೇ ಶತಮಾನದಲ್ಲಿ. ಪೌಲನ ಪತ್ರಿಕೆಯಲ್ಲಿ ಸತ್ತವರನ್ನು ಎಬ್ಬಿಸುವ ಕಡೇ ತುತ್ತೂರಿಗೂ ಕಾಣಿಕೆ ಲೆಕ್ಕಕ್ಕೂ ನಡುವೆ ಅಂಥ ಗೆರೆಯೇನೂ ಇರಲಿಲ್ಲ. ನಾನೇ ಎಳೆದುಕೊಂಡಿದ್ದೆ ಆ ಗೆರೆ, ಈ ಕಡೆ ಲೋಕ, ಆ ಕಡೆ ಪರಲೋಕ ಎಂದು. ಅಣ್ಣನನ್ನು ಈ ಕಡೆ ಬಿಟ್ಟಿದ್ದೆ.

ಫೋನ್ ಮಾಡಲು ನಾಲ್ಕು ದಿನ ಹಿಡಿಯಿತು. ಏನೇನೋ ಹೇಳಬೇಕೆಂದು ಬರೆದಿಟ್ಟುಕೊಂಡಿದ್ದೆ, ಬಾಯಿಗೆ ಬಂದದ್ದು ಇಷ್ಟೇ: "ಅಣ್ಣಾ, ರಾತ್ರಿ ಎರಡು ಗಂಟೆಯ ಸರದಿಗೆ ನೀನು ಬರ್ತೀಯಾ? ನನ್ನ ಕೈಲಿ ಆಗ್ತಿಲ್ಲ." ಆ ಕಡೆ ಬಹಳ ಹೊತ್ತು ಮಾತಿಲ್ಲ. ಆಮೇಲೆ, "ಹೇಗೆ ತಿರುಗಿಸೋದು ಅಂತ ತೋರಿಸಿಕೊಡು" ಅಂದ.

ಅಂದಿಗೇ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಪಾಲಿನ ಮಾತು ಮತ್ತೆ ಬಂತು, ದನಿಗಳು ಏರಿದವು. ಕೊನೆಗೆ ನಾನು ಅಣ್ಣ ಹೇಳಿದ ಹಾಗೆಯೇ ಒಪ್ಪಿಕೊಂಡೆ. ದೇವರು ಇಡೀ ದೇಶವನ್ನೇ ಕೊಡುತ್ತೇನೆಂದ ಅಬ್ರಹಾಮ ಗುಡಾರಗಳಲ್ಲೇ ಇದ್ದ. ಅಲ್ಲಿ ಅವನು 400 ಶೆಕೆಲ್ ಬೆಳ್ಳಿ ತೂಗಿ ಕೊಟ್ಟು ತನ್ನದಾಗಿಸಿಕೊಂಡದ್ದು ಹೆಂಡತಿ ಸಾರಳನ್ನು ಹೂಳಲು ಬೇಕಾದ ಮಕ್ಪೇಲದ ಹೊಲ. ಒಪ್ಪಂದದ ಕಾಗದಕ್ಕೆ ಸಹಿ ಹಾಕುವಾಗ ನನಗೆ ಅದೇ ನೆನಪು. ಎಲ್ಲರೂ ಹೀಗೇ ಬಿಟ್ಟುಕೊಡಬೇಕು ಎಂದು ಹೇಳಲಾರೆ. ಅನ್ಯಾಯವನ್ನು ಅನ್ಯಾಯ ಎನ್ನಲೇಬೇಕಾದ ಕಡೆಗಳಿವೆ. ನಮ್ಮದು ಅಂಥದ್ದಾಗಿರಲಿಲ್ಲ, ಹಠ ಅಷ್ಟೇ.

ಹನ್ನೊಂದು ತಿಂಗಳಾದ ಮೇಲೆ ಅಮ್ಮ ಕರ್ತನಲ್ಲಿ ನಿದ್ರೆಹೋದಳು. ಮೈಮೇಲೆ ಒಂದು ಹುಣ್ಣೂ ಇರಲಿಲ್ಲ. ಸಮಾಧಿಯ ಬಳಿ ಸಭಾಪಾಲಕರು ಓದಿದ ಭಾಗದಲ್ಲಿ ಪೌಲ ಹೂಳುವುದು ಎನ್ನುವುದಿಲ್ಲ, ಬಿತ್ತುವುದು ಎನ್ನುತ್ತಾನೆ. ಅಣ್ಣ ನನ್ನ ಪಕ್ಕದಲ್ಲೇ ನಿಂತು ಮಣ್ಣು ಹಾಕಿದ.

ಈಗ ದಿನ ಕಳೆಯುವ ಲೆಕ್ಕ ಇಲ್ಲ. ಎಣಿಕೆಯ ವಚನಕ್ಕೇ ನಿಂತುಬಿಟ್ಟಿದ್ದೆ, ಕೀರ್ತನೆಯನ್ನು ಕೊನೆಯ ತನಕ ಓದಿರಲಿಲ್ಲ. ಮುಂಜಾನೆ ನಿನ್ನ ಕೃಪೆಯಿಂದ ನಮ್ಮನ್ನು ತೃಪ್ತಿಪಡಿಸು ಎಂದು ಮೋಶೆ ಆಮೇಲೆ ಬೇಡುತ್ತಾನೆ. ಮುಗಿಸುವಾಗ, ನಮ್ಮ ಕೈಕೆಲಸವನ್ನು ಸ್ಥಿರಪಡಿಸು ಎಂದು ಎರಡೆರಡು ಸಲ ಕೇಳುತ್ತಾನೆ. ಸಾವಿರ ವರ್ಷ ದೇವರಿಗೆ ಕಳೆದುಹೋದ ನಿನ್ನೆಯಂತೆ ಎಂದವನೇ ಕೈಕೆಲಸ ನಿಲ್ಲಲಿ ಎನ್ನುತ್ತಾನೆ. ಹಾಗಾಗಿ ನೋಟ್‌ಬುಕ್ಕಿನಲ್ಲಿ ಅಂಕಿಯ ಜಾಗಕ್ಕೆ ದಿನಾ ಒಬ್ಬರ ಹೆಸರು, ಅವರಿಗಾಗಿ ಮಾಡಬೇಕಾದ ಒಂದು ಕೆಲಸ ಬರೆಯುತ್ತೇನೆ. ಬರೆದದ್ದನ್ನೇ ಪ್ರಾರ್ಥನೆ ಮಾಡುತ್ತೇನೆ. ಮಾಡಲಾಗದ ದಿನ ಅದೇ ಹೆಸರು ಮರುದಿನಕ್ಕೆ ಹೋಗುತ್ತದೆ.

ಇವತ್ತಿನ ಪುಟದಲ್ಲಿ ಅಣ್ಣನ ಹೆಸರಿದೆ. ಮೊಣಕಾಲು ನೋವು ಜಾಸ್ತಿಯಾಗಿ ಮೆಟ್ಟಿಲು ಹತ್ತಲು ಆಗುತ್ತಿಲ್ಲವಂತೆ. ಸಂಜೆ ಹೋಗಿ ಅವನ ಹಾಸಿಗೆಯನ್ನು ಕೆಳಗಿನ ಕೋಣೆಗೆ ಇಳಿಸಿಕೊಡಬೇಕು.