ಅವಲಾಂಚಿಯ ಟ್ರೌಟ್‌ಗೆ ಗಾಳ ಹಾಕಿದ್ದು

ಎರೆಹುಳು ಚುಚ್ಚಿ ಗಾಳ ಹಾಕಿ ಬೆಳೆದವರಿಗೆ ಫ್ಲೈ ಗಾಳ ಕಲಿಸಬೇಕಾದರೆ ಮೊದಲು ಕೈಯ ಹಳೆಯ ರೂಢಿ ಬಿಡಿಸಬೇಕು. ಮಾಮೂಲಿ ಗಾಳದಲ್ಲಿ ಸೀಸದ ಗುಂಡು ದಾರವನ್ನು ಎಳೆದೊಯ್ಯುತ್ತದೆ. ಫ್ಲೈ ಗಾಳದಲ್ಲಿ, ನೊಣದಂತೆ ಕಾಣಲೆಂದು ಗರಿ, ನೂಲು ಸುತ್ತಿದ ಕೊಕ್ಕೆಗೆ ತೂಕವೇ ಇಲ್ಲ. ದಪ್ಪ ದಾರದ ಭಾರವೇ ಅದನ್ನು ಹೊತ್ತೊಯ್ಯಬೇಕು. ಹಾಗಾಗಿ ನಮ್ಮ ತಂಡದವರಿಂದ ತಾಳವಾಡಿಯ ಬಯಲಿನಲ್ಲಿ, ಕೊಕ್ಕೆಯ ಬದಲು ಉಣ್ಣೆಯ ತುಣುಕು ಕಟ್ಟಿ, ಸಂಜೆಹೊತ್ತು ಎಸೆಯುವ ಅಭ್ಯಾಸ ಮಾಡಿಸಿದೆ. ಹಿಂದಕ್ಕೆ ಬೀಸಿದ ದಾರ ಬೆನ್ನ ಹಿಂದೆ ಪೂರ್ತಿ ಚಾಚಿಕೊಳ್ಳುವವರೆಗೆ ತಾಳಿ, ಆಮೇಲೆ ಮುಂದಕ್ಕೆ ಬೀಸಬೇಕು. ಆ ತಾಳ್ಮೆ ಬಂದರೆ ಮುಕ್ಕಾಲು ವಿದ್ಯೆ ಬಂದಂತೆ.

ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಊಟಿ ಹತ್ತಿರದ ಅವಲಾಂಚಿಯಲ್ಲಿ ನಮಗೆ ಬೇಕಾದದ್ದು ಬೆಳಗಿನ ತಂಪು. ಹಾಗಾಗಿ ಹಿಂದಿನ ದಿನವೇ ಊಟಿ ಸೇರಿದೆವು. ಗಾಳದ ಪರವಾನಗಿ, ಅರಣ್ಯ ಇಲಾಖೆಯ ಒಪ್ಪಿಗೆ ಎರಡೂ ಕೈಯಲ್ಲಿದ್ದವು.

ಮಳೆಬಿಲ್ಲು ಟ್ರೌಟ್ ಮೂಲತಃ ಉತ್ತರ ಅಮೆರಿಕದ ಪಶ್ಚಿಮ ಭಾಗದ ಮೀನು. ನೀಲಗಿರಿಗೆ ಅದನ್ನು ತಂದವರು ಬ್ರಿಟಿಷರು. ಅವಲಾಂಚಿಯ ಮರಿ ಉತ್ಪಾದನಾ ಕೇಂದ್ರ 1907ರದು. ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗಿದ ಆಮ್ಲಜನಕ ಕಡಿಮೆಯಾಗುವುದರಿಂದ ಈ ಮೀನು ಬಯಲುಸೀಮೆಯ ಕೆರೆಗಳಲ್ಲಿ ಬಾಳದು.

ಗುಂಪಿನಲ್ಲಿ ಹೋದಾಗ ಯಾರನ್ನು ಎಲ್ಲಿ ನಿಲ್ಲಿಸುತ್ತೇವೆ ಎಂಬುದೇ ಮುಖ್ಯ. ಒಬ್ಬರಿಂದೊಬ್ಬರಿಗೆ ಮೂವತ್ತು ಹೆಜ್ಜೆ ಅಂತರ ಬಿಡಿಸಿದೆ. ಬಲಗೈಯವರಿಗೆ ಗಾಳಿ ಎಡಭುಜದ ಕಡೆಯಿಂದ ಬರಬೇಕು. ಗಾಳಿ ಬಲಗಡೆಯಿಂದ ಬೀಸಿದರೆ ಕೊಕ್ಕೆ ನೇರವಾಗಿ ಕಿವಿಗೇ ಬರುತ್ತದೆ. ನಮ್ಮ ಭಾವ ಎಡಗೈಯವರು, ಅವರನ್ನು ಎದುರು ದಡಕ್ಕೆ ಕಳುಹಿಸಿದೆ. ಕನ್ನಡಕವಿಲ್ಲದೆ ಯಾರಿಗೂ ಕೋಲು ಕೊಡಲಿಲ್ಲ. ಕೊಕ್ಕೆಯ ಒಳಮುಳ್ಳುಗಳನ್ನು ಇಕ್ಕಳದಿಂದ ಚಪ್ಪಟೆ ಮಾಡಿದ್ದೆ: ಮೀನಿಗೂ ಒಳ್ಳೆಯದು, ಮನುಷ್ಯರ ಬೆರಳಿಗೂ ಒಳ್ಳೆಯದು. ಬಂದವರೆಲ್ಲ ನೀರಿಗಿಳಿಯಲು ಆತುರಪಡುತ್ತಾರೆ. ಆದರೆ ಬೆಳಿಗ್ಗೆ ಟ್ರೌಟ್ ಮೇಯುವುದು ದಡದ ಹತ್ತಿರದ ಆಳವಿಲ್ಲದ ನೀರಿನಲ್ಲಿಯೇ, ಕಾಲಿಟ್ಟರೆ ಅದು ಓಡಿಹೋಗುತ್ತದೆ.

ತೊರೆ ಬಂದು ಸೇರುವ ಕಡೆ ನಿಂತಿದ್ದ ಚಿಕ್ಕಮ್ಮನ ಮಗಳಿಗೆ ಮೊದಲ ಮೀನು ಸಿಕ್ಕಿತು. "ಎಳೆಯಬೇಡ ತಂಗಿ, ಓಡಲಿ ಬಿಡು, ಕೋಲು ಮೇಲೆತ್ತಿ ಹಿಡಿ" ಎಂದು ಕೂಗಿದೆ. ಅವಳು ಹಾಗೆಯೇ ಮಾಡಿದಳು. ಮೈಯ ಲೋಳೆ ಕಿತ್ತುಹೋಗದಂತೆ ಕೈ ಒದ್ದೆ ಮಾಡಿಕೊಂಡು, ಮೀನನ್ನು ನೀರಿನಲ್ಲಿಯೇ ಇಟ್ಟು ಕೊಕ್ಕೆ ಬಿಡಿಸಿ, ತಾನಾಗಿ ಬಾಲ ಬೀಸುವವರೆಗೆ ಹಿಡಿದುಕೊಂಡಿದ್ದಳು. ನನಗೆ ಆ ದಿನದ ದೊಡ್ಡ ಸಂತೋಷ ಅದೇ.

ಮುಂಗಾರಿನಲ್ಲಿ ಮಾತ್ರ ನಾನು ಯಾರನ್ನೂ ಅಲ್ಲಿಗೆ ಕರೆದೊಯ್ಯುವುದಿಲ್ಲ. 2019ರ ಆಗಸ್ಟ್‌ನಲ್ಲಿ ಅವಲಾಂಚಿಯಲ್ಲಿ ಒಂದೇ ದಿನ 82 ಸೆಂಟಿಮೀಟರ್ ಮಳೆ ಸುರಿದಿತ್ತು.