ಶನಿವಾರದ ಫಲಾರಕ್ಕೆ ಪಾಸ್ತಾ, ಮೇಲೊಂದು ಸಿಹಿ: ನನ್ನ ಅನುಭವ

ನಮ್ಮತ್ತೆ ಶನಿವಾರ ಒಪ್ಪತ್ತು ಮಾಡುತ್ತಾರೆ. ಮಧ್ಯಾಹ್ನ ಊಟ, ರಾತ್ರಿ ಫಲಾರ. ಅನ್ನ ಮುಟ್ಟುವ ಹಾಗಿಲ್ಲ, ಈರುಳ್ಳಿ ಬೆಳ್ಳುಳ್ಳಿ ಒಲೆ ಹತ್ತಿರ ಸುಳಿಯುವ ಹಾಗಿಲ್ಲ. ಉಪ್ಪಿಟ್ಟೋ, ಅವಲಕ್ಕಿಯೋ, ಚಪಾತಿಯೋ ಏನೋ ಒಂದು. ಮಕ್ಕಳು ಸಾಯಂಕಾಲದಿಂದಲೇ "ಇವತ್ತೂ ಉಪ್ಪಿಟ್ಟಾ?" ಅಂತ ರಾಗ ಎಳೆಯಲು ಶುರು ಮಾಡುತ್ತಿದ್ದರು. ಒಂದೇ ರಾತ್ರಿಗೆ ಎರಡೆರಡು ಥರ ಅಡುಗೆ ಮಾಡುವ ತಾಳ್ಮೆ ನನಗಿಲ್ಲ. ಹಾಗಾಗಿ ಪಾಸ್ತಾವನ್ನೇ ಫಲಾರದ ಲೆಕ್ಕಕ್ಕೆ ಸೇರಿಸಿಬಿಟ್ಟೆ.

ಅತ್ತೆ ಒಪ್ಪಿದ್ದು ಪ್ಯಾಕೆಟ್ಟಿನ ಹಿಂದೆ ಬರೆದದ್ದನ್ನು ನೋಡಿ. ಒಳ್ಳೆಯ ಒಣ ಪಾಸ್ತಾದಲ್ಲಿ ಇರುವುದು ಒಂದೇ ಸಾಮಾನು, ಡ್ಯೂರಮ್ ಗೋಧಿಯ ರವೆ. ನಾವು ಉಪ್ಪಿಟ್ಟಿಗೆ ತರುವ ಬನ್ಸಿ ರವೆ ಬರುವುದೂ ಡ್ಯೂರಮ್ ಗೋಧಿಯಿಂದಲೇ. ಅದೇ ಹೊಂಬಣ್ಣ, ಅದೇ ಗಟ್ಟಿತನ. "ಹಂಗಾದ್ರೆ ಇದೂ ಉಪ್ಪಿಟ್ಟೇ ಅನ್ನು" ಅಂದರು. ಸರಿ, ಹಂಗೇ ಅಂದುಕೊಳ್ಳಿ ಅಂದೆ.

ಪಾಸ್ತಾ ತರುವಾಗ ನಾನು ನೋಡುವುದು ಇಷ್ಟೇ: ನೂರಕ್ಕೆ ನೂರು ಡ್ಯೂರಮ್ ರವೆ ಅಂತ ಇರಬೇಕು, ಹಸಿರು ಚುಕ್ಕಿ ಇರಬೇಕು. ಇಟಲಿಯಲ್ಲಿ ಒಣ ಪಾಸ್ತಾವನ್ನು ಡ್ಯೂರಮ್ ರವೆಯಿಂದಲೇ ಮಾಡಬೇಕು ಅಂತ 1967ರಲ್ಲಿ ಕಾನೂನನ್ನೇ ತಂದಿದ್ದಾರೆ. ಸುಮ್ನೆ ಅಲ್ಲ. ಈ ಗೋಧಿಯಲ್ಲಿ ಪ್ರೋಟೀನ್ ಜಾಸ್ತಿ, ಬೆಂದರೂ ಬಿಗಿ ಬಿಡುವುದಿಲ್ಲ. ಮೈದಾ ಬೆರೆಸಿದ ಅಗ್ಗದ ಮ್ಯಾಕರೋನಿ ಸ್ವಲ್ಪ ಕಣ್ಣು ತಪ್ಪಿಸಿದರೂ ಮುದ್ದೆಯಾಗುತ್ತದೆ. ಹತ್ತಿಪ್ಪತ್ತು ರೂಪಾಯಿ ಉಳಿಸಲು ಹೋಗಿ ಅದನ್ನು ತರಬೇಡಿ.

ಐದು ಜನರಿಗೆ 400 ಗ್ರಾಂ ಪೆನ್ನೆ, ಅಂದರೆ ಸಣ್ಣ ಕೊಳವೆಯಂಥ ಪಾಸ್ತಾ, ಸಾಕು. ಇಟಲಿಯವರ ಲೆಕ್ಕ 100 ಗ್ರಾಂ ಪಾಸ್ತಾಕ್ಕೆ ಒಂದು ಲೀಟರ್ ನೀರು, 10 ಗ್ರಾಂ ಉಪ್ಪು. ನಮ್ಮನೆಯಲ್ಲಿ ಅಷ್ಟು ದೊಡ್ಡ ಪಾತ್ರೆ ಇರುವುದು ಹಬ್ಬದ ದಿನ ಅಟ್ಟದಿಂದ ಇಳಿಸುವ ತಪ್ಪಲೆ ಒಂದೇ. ಹಾಗಾಗಿ ನಾನು ಮೂರು ಲೀಟರ್ ನೀರಿನಲ್ಲೇ ಮುಗಿಸುತ್ತೇನೆ, ಒಂದೂವರೆ ದೊಡ್ಡ ಚಮಚ ಉಪ್ಪು ಹಾಕುತ್ತೇನೆ, ಮೊದಲ ಎರಡು ನಿಮಿಷ ಕೈಬಿಡದೆ ತಿರುವುತ್ತೇನೆ. ತಿರುವಿದರೆ ಅಂಟುವುದಿಲ್ಲ. ನೀರಿಗೆ ಎಣ್ಣೆ ಹಾಕುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ, ಆಮೇಲೆ ಸಾಸು ಪಾಸ್ತಾಕ್ಕೆ ಹತ್ತದೆ ತಟ್ಟೆಯ ತಳಕ್ಕೆ ಜಾರುತ್ತದೆ. ಬಸಿದ ಮೇಲೆ ತಣ್ಣೀರು ಸುರಿಯುವುದೂ ಬೇಡ.

ಬೆಂದಿದೆಯಾ ಅಂತ ನೋಡುವುದು ಹೀಗೆ. ಪ್ಯಾಕೆಟ್ಟಿನಲ್ಲಿ 11 ನಿಮಿಷ ಅಂತಿದ್ದರೆ 8ನೇ ನಿಮಿಷಕ್ಕೇ ಒಂದು ಪೆನ್ನೆ ಎತ್ತಿ, ಅಡ್ಡಕ್ಕೆ ಉಗುರಿನಲ್ಲಿ ಚಿವುಟಿ. ಕೊಳವೆಯ ಗೋಡೆಯ ನಟ್ಟನಡುವೆ ಬಿಳಿ ಗೆರೆಯೊಂದು ಕಾಣುತ್ತದೆ, ಅದು ಇನ್ನೂ ಬೇಯದ ಹಿಟ್ಟು. ಗೆರೆ ದಪ್ಪಗಿದ್ದರೆ ಕಾಯಬೇಕು. ನೂಲಿನಷ್ಟು ಸಣ್ಣಗಾದಾಗ ಇಳಿಸಬೇಕು, ಉಳಿದದ್ದು ಸಾಸಿನಲ್ಲಿ ಬೇಯುತ್ತದೆ. ಅತ್ತೆಗೆ ಈ "ಅರೆಬೆಂದದ್ದು" ಆಗಲ್ಲ, ಹಲ್ಲಿನ ತೊಂದರೆ. ಅವರ ಪಾಲನ್ನು ಮಾತ್ರ ನೀರಿನಲ್ಲೇ ಬಿಟ್ಟು ಇನ್ನೂ ಮೂರು ನಿಮಿಷ ಬೇಯಿಸಿ ಕೊಡುತ್ತೇನೆ. ಇಟಲಿಯವರು ಬೈದುಕೊಳ್ಳಲಿ.

ಬಸಿದ ನೀರನ್ನು ಸಿಂಕಿಗೆ ಚೆಲ್ಲಬೇಡಿ, ಎರಡು ಲೋಟ ತೆಗೆದಿಡಿ. ಅದರಲ್ಲಿ ಪಿಷ್ಟ ಇಳಿದಿರುತ್ತದೆ. ಸಾಸಿನ ಎಣ್ಣೆ ಒಂದು ಕಡೆ, ನೀರು ಒಂದು ಕಡೆ ಆಗದ ಹಾಗೆ ಹಿಡಿದಿಡುವುದು ಈ ಮಡ್ಡಿ ನೀರೇ. ಅರ್ಧ ಹೋಟೆಲ್ ರುಚಿ ಇದರಲ್ಲೇ ಇದೆ ಅಂತ ನನ್ನ ನಂಬಿಕೆ. ಪಾಸ್ತಾ ಮಸಾಲೆ ಅಂತ ಬರುವ ಪುಡಿ ಪೊಟ್ಟಣಕ್ಕೆ ದುಡ್ಡು ಹಾಕುವುದು ನನಗಂತೂ ಒಪ್ಪಿಗೆಯಿಲ್ಲ.

ಇನ್ನು ಸಾಸು. ಈರುಳ್ಳಿ ಬೆಳ್ಳುಳ್ಳಿ ಇಲ್ಲದೆ ಪಾಸ್ತಾನಾ ಅಂತ ಹುಬ್ಬೇರಿಸುವವರೇ ಜಾಸ್ತಿ. ಆಗುತ್ತದೆ, ಟೊಮೆಟೊ ಸರಿ ಇರಬೇಕು ಅಷ್ಟೇ. ಒಂದು ಕೆಜಿ ತಗೊಳ್ಳಿ, ಅರ್ಧ ನಾಟಿ, ಅರ್ಧ ಫಾರಂ. ಬರೀ ನಾಟಿ ಆದರೆ ಹುಳಿ ಜಾಸ್ತಿ, ರಸ ಜಾಸ್ತಿ, ಇಂಗಿಸುವಷ್ಟರಲ್ಲಿ ರಾತ್ರಿ ಆಗುತ್ತದೆ. ಬರೀ ಫಾರಂ ಆದರೆ ಬಣ್ಣವಿರುತ್ತದೆ, ರುಚಿ ಸಪ್ಪೆ. ಪಾಸ್ತಾಕ್ಕೆ ಇಟ್ಟ ನೀರು ಹೇಗೂ ಕುದಿಯುತ್ತಿರುತ್ತದಲ್ಲ, ಉಪ್ಪು ಹಾಕುವ ಮೊದಲು ಟೊಮೆಟೊಗಳನ್ನು ಅದರಲ್ಲೇ ಒಂದು ನಿಮಿಷ ಮುಳುಗಿಸಿ ತೆಗೆಯಿರಿ, ಸಿಪ್ಪೆ ತಾನಾಗಿ ಸುಲಿದು ಬರುತ್ತದೆ. ನಾಲ್ಕು ಬ್ಯಾಡಗಿ ಮೆಣಸಿನಕಾಯಿಯನ್ನು ಬೀಜ ಉದುರಿಸಿ ಬಿಸಿನೀರಿನಲ್ಲಿ ನೆನೆಸಿ ಇದರ ಜೊತೆಗೇ ರುಬ್ಬಿ. ಬ್ಯಾಡಗಿಯಲ್ಲಿ ಖಾರ ಕಮ್ಮಿ, ಕೆಂಪು ಜಾಸ್ತಿ, ಹಾಗಾಗಿ ಮಕ್ಕಳೂ ತಿನ್ನುತ್ತವೆ.

ಬಾಣಲೆಯಲ್ಲಿ ಮೂರು ಚಮಚ ಎಣ್ಣೆ, ಚಿಟಿಕೆ ಇಂಗು, ಒಂದು ತುರಿದ ಕ್ಯಾರೆಟ್. ಈರುಳ್ಳಿ ಕೊಡುವ ಸಿಹಿಯನ್ನು ಕ್ಯಾರೆಟ್ ಕೊಡುತ್ತದೆ. ಇಂಗು ಚಿಟಿಕೆ ಅಂದರೆ ಚಿಟಿಕೆಯೇ, ಒಂದಿಷ್ಟು ಹೆಚ್ಚಾದರೂ ಬೀದಿಯವರೆಗೂ ಸಾರಿನ ವಾಸನೆ ಹೋಗುತ್ತದೆ. ಕ್ಯಾರೆಟ್ ಬಾಡಿದ ಮೇಲೆ ರುಬ್ಬಿದ್ದನ್ನು ಸುರಿದು ಸಣ್ಣ ಉರಿಯಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷ ಬಿಡಿ. ಮೊದಲು ಪಚಪಚ ಅಂತ ಒಲೆ ಸುತ್ತ ಹಾರುತ್ತದೆ, ಅರ್ಧ ಮುಚ್ಚಿ. ಆಮೇಲೆ ಸದ್ದು ಇಳಿಯುತ್ತದೆ, ಗುಳ್ಳೆಗಳು ದಪ್ಪಗಾಗಿ ನಿಧಾನಕ್ಕೆ ಒಡೆಯುತ್ತವೆ, ಅಂಚಿನಲ್ಲಿ ಎಣ್ಣೆ ಕೆಂಪಗೆ ಬಿಟ್ಟುಕೊಳ್ಳುತ್ತದೆ. ಆಗ ಉಪ್ಪು, ಅಡಿಕೆಯಷ್ಟು ಬೆಲ್ಲ. ಪಾಸ್ತಾ ಬಸಿದು ನೇರ ಇದಕ್ಕೆ ಹಾಕಿ, ಒಂದು ಸೌಟು ಮಡ್ಡಿ ನೀರು ಬಿಟ್ಟು, ಜೋರು ಉರಿಯಲ್ಲಿ ಎರಡು ನಿಮಿಷ ಮಗುಚಿ. ಕೊನೆಗೆ ಒಂದು ಚಮಚ ಬೆಣ್ಣೆ.

ಸೊಪ್ಪಿನ ವಿಷಯ ಹೇಳಲೇಬೇಕು. ಹೂವಿನ ದಂಡೆಗೆ ನಡುನಡುವೆ ಕಟ್ಟುತ್ತಾರಲ್ಲ ಮರುಗ, ಅದು ಪಾಸ್ತಾ, ಪಿಜ್ಜಾಕ್ಕೆ ಉದುರಿಸುವ ಒರೆಗಾನೋದ ಹತ್ತಿರದ ನೆಂಟ, ಎರಡೂ ಒಂದೇ ಕುಲದ ಗಿಡಗಳು. ಕಾಮಕಸ್ತೂರಿಯಂತೂ ಇಟಲಿಯವರ ಬೇಸಿಲ್ಲೇ. ಬೇಸಿಗೆಯಲ್ಲಿ ಶರಬತ್ತಿಗೆ ನೆನೆಸುವ ಕಪ್ಪು ಬೀಜ ಅದರದ್ದೇ. ಎರಡನ್ನೂ ನಾನು ಬಾಲ್ಕನಿಯ ಕುಂಡದಲ್ಲಿ ಬೆಳೆಸಿದ್ದೇನೆ. ಮರುಗ ಸಾಸು ಕುದಿಯುವಾಗ, ಕಾಮಕಸ್ತೂರಿ ಒಲೆ ಆರಿಸಿದ ಮೇಲೆ. ಹೂವಿನ ಮಾರ್ಕೆಟ್ಟಿನಿಂದ ತಂದ ಮರುಗ ಹಾಕಬೇಡಿ, ಮುಡಿಯಲು ಬೆಳೆದದ್ದಕ್ಕೆ ಏನೇನು ಸಿಂಪಡಿಸಿರುತ್ತಾರೋ. ತುಳಸಿಯೂ ಬೇಡ, ಲವಂಗದಂಥ ಘಾಟು ಬರುತ್ತದೆ. ಅದಿರಲಿ, ಕಟ್ಟೆ ತುಳಸಿಯನ್ನು ಎಣ್ಣೆಗೆ ಹಾಕಿದರೆ ಅತ್ತೆ ಸುಮ್ಮನಿರುತ್ತಾರಾ?

ಚೀಸ್ ಬಗ್ಗೆ ಒಂದು ಮಾತು. ಇಟಲಿಯ ಅಸಲಿ ಪಾರ್ಮೆಸಾನ್‌ಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಸಸ್ಯಾಹಾರಿ ಮನೆಗಳಲ್ಲಿ ಇದನ್ನು ಎಷ್ಟೋ ಜನ ಗಮನಿಸಿಯೇ ಇರುವುದಿಲ್ಲ. ನಮ್ಮಲ್ಲಿ ನಂದಿನಿ ಚೀಸ್ ತುರಿದು ಹಾಕುತ್ತೇವೆ, ಮಕ್ಕಳು ಖುಷ್. ವೈಟ್ ಸಾಸ್ ಬೇಕು ಅಂತ ಹಟ ಮಾಡಿದ ದಿನ ಎರಡು ಚಮಚ ಬೆಣ್ಣೆ, ಎರಡು ಚಮಚ ಮೈದಾ, ಎರಡು ಲೋಟ ಹಾಲು, ದಪ್ಪಗೆ ಕುಟ್ಟಿದ ಕರಿಮೆಣಸು. ಅಷ್ಟೇ, ಅದರಲ್ಲಿ ಹೇಳುವಂಥದ್ದು ಏನಿಲ್ಲ. ಹಾಲು ಉಗುರುಬೆಚ್ಚಗಿದ್ದರೆ ಗಂಟಾಗುವುದಿಲ್ಲ.

2023ರ ಜುಲೈನಲ್ಲಿ ಟೊಮೆಟೊ ಕೆಜಿಗೆ ನೂರು ರೂಪಾಯಿ ದಾಟಿತ್ತಲ್ಲ, ಆಗ ಹಿಡಿದದ್ದು ಸಿಹಿಕುಂಬಳದ ದಾರಿ. ಅರ್ಧ ಕೆಜಿ ಕುಂಬಳವನ್ನು ಹಬೆಯಲ್ಲಿ ಬೇಯಿಸಿ, ಒಂದು ಲೋಟ ಹಾಲಿನ ಜೊತೆ ನುಣ್ಣಗೆ ರುಬ್ಬಿ, ಬೆಣ್ಣೆಯಲ್ಲಿ ಕುದಿಸಿ, ಮೆಣಸಿನ ಪುಡಿ, ತುಸು ಜಾಯಿಕಾಯಿ. ಈಗ ಟೊಮೆಟೊ ಅಗ್ಗವಿದ್ದಾಗಲೂ ತಿಂಗಳಿಗೊಮ್ಮೆ ಇದನ್ನೇ ಮಾಡು ಅನ್ನುತ್ತಾರೆ.

ಸಿಹಿ ಇಲ್ಲದೆ ನಮ್ಮ ಮನೆಯಲ್ಲಿ ಶನಿವಾರ ಮುಗಿಯುವುದಿಲ್ಲ. ಆದರೆ ಒಂದೇ ರಾತ್ರಿ ಎರಡು ಕಡೆ ಒಲೆ ಮುಂದೆ ನಿಲ್ಲಲು ನನ್ನಿಂದಾಗಲ್ಲ. ಕೆಂಪು ಪಾಸ್ತಾ ಮಾಡಿದ ದಿನ ರಸಾಯನ, ಒಲೆಯೇ ಬೇಡ. ಒಂದು ಕಾಯಿಯ ಗಟ್ಟಿ ಹಾಲು, ಮುಕ್ಕಾಲು ಲೋಟ ಪುಡಿ ಬೆಲ್ಲ, ಏಲಕ್ಕಿ, ಒಂದೆರಡು ಹರಳು ಉಪ್ಪು. ಎಂಟು ಏಲಕ್ಕಿ ಬಾಳೆಹಣ್ಣನ್ನು ಬಡಿಸುವ ಹೊತ್ತಿಗೆ ಹೆಚ್ಚಿ ಹಾಕಿ, ಮೊದಲೇ ಹಾಕಿದರೆ ಕಪ್ಪಾಗುತ್ತದೆ. ಹುಳಿ ಖಾರ ತಿಂದ ಬಾಯಿಗೆ ತಣ್ಣಗೆ ಇಳಿಯುತ್ತದೆ. ಮಾವಿನ ಕಾಲದಲ್ಲಿ ಬಾಳೆ ಬದಲು ಮಾವು. ಕಾಯಿಹಾಲು ಬೇಗ ಹಳಸುತ್ತದೆ, ಅವತ್ತೇ ಖಾಲಿ ಮಾಡಿ.

ಮಕ್ಕಳಿಗೆ ಕೆಲಸ ಹಚ್ಚಬೇಕಾದರೆ ಹುರಿಗಡಲೆ ಉಂಡೆ. ನೀರು ಕಾಯುವಷ್ಟರಲ್ಲಿ ಆಗುತ್ತದೆ. ಒಂದು ಲೋಟ ಹುರಿಗಡಲೆ ಪುಡಿ, ಅರ್ಧ ಲೋಟ ಬೆಲ್ಲದ ಪುಡಿ, ಒಂದಿಷ್ಟು ಕೊಬ್ಬರಿ ತುರಿ, ಹುರಿದ ಎಳ್ಳು. ಬಿಸಿ ತುಪ್ಪವನ್ನು ಚಮಚ ಚಮಚವಾಗಿ ಬಿಡುತ್ತಾ ಬಂದರೆ ನಾಲ್ಕೈದು ಚಮಚಕ್ಕೆ ಮುಷ್ಟಿಯಲ್ಲಿ ನಿಲ್ಲುತ್ತದೆ. ನೀರು ಮುಟ್ಟಿಸದಿದ್ದರೆ ವಾರ ಇರುತ್ತದೆ, ಆದರೆ ನಮ್ಮಲ್ಲಿ ಉಳಿಯುವುದೇ ಇಲ್ಲ.

ನನಗೆ ಇಷ್ಟವಾದದ್ದು ಮಾತ್ರ ಕೊಬ್ಬರಿ ಮಿಠಾಯಿ. ಅದನ್ನು ಬೆಳಿಗ್ಗೆಯೇ ಮಾಡಿಟ್ಟುಬಿಡುತ್ತೇನೆ. ಎರಡು ಲೋಟ ಹಸಿ ತೆಂಗಿನ ತುರಿ, ಕಂದು ಸಿಪ್ಪೆ ತಾಗದ ಬಿಳಿ ಭಾಗ ಮಾತ್ರ. ಒಂದೂಕಾಲು ಲೋಟ ಸಕ್ಕರೆ, ಕಾಲು ಲೋಟ ಹಾಲು. ದಪ್ಪ ತಳದ ಬಾಣಲೆಗೆ ಎಲ್ಲ ಒಟ್ಟಿಗೇ ಹಾಕಿ, ಮಧ್ಯಮ ಉರಿ. ಸಕ್ಕರೆ ಕರಗಿ ಮೊದಲು ನೀರು ನೀರಾಗುತ್ತದೆ, ಗಾಬರಿ ಬೇಡ. ತಿರುವುತ್ತಿರಿ. ಹತ್ತು ನಿಮಿಷದ ಹೊತ್ತಿಗೆ ಸಣ್ಣ ಗುಳ್ಳೆ ಬಂದು ಮಿಶ್ರಣ ಒಟ್ಟಿಗೆ ಚಲಿಸಲು ಶುರುವಾಗುತ್ತದೆ. ಆಮೇಲೆ ಚಮಚ ಭಾರವಾಗುತ್ತದೆ. ಬಾಣಲೆಯ ಸುತ್ತ ಬಿಳಿ ನೊರೆ ಒಣಗಿದ ಹಾಗೆ ಹತ್ತಿಕೊಳ್ಳುತ್ತದೆ, ಚಮಚದಲ್ಲಿ ಗೀರಿದರೆ ತಳ ಕಾಣುತ್ತದೆ, ತಕ್ಷಣ ಮುಚ್ಚಿಕೊಳ್ಳುವುದಿಲ್ಲ. ಅದೇ ಹೊತ್ತು. ಎರಡು ಚಮಚ ತುಪ್ಪ, ಏಲಕ್ಕಿ ಹಾಕಿ ತುಪ್ಪ ಸವರಿದ ತಟ್ಟೆಗೆ ಸುರಿದು, ಬಟ್ಟಲಿನ ತಳದಿಂದ ತಟ್ಟಿ. ಐದು ನಿಮಿಷ ಬಿಟ್ಟು ಬೆಚ್ಚಗಿರುವಾಗಲೇ ಗೆರೆ ಹಾಕಿ. ಮೆತ್ತಗೇ ಉಳಿದರೆ ಮತ್ತೆ ಒಲೆಗೆ, ಪುಡಿಪುಡಿಯಾದರೆ ಎರಡು ಚಮಚ ಹಾಲು ಚಿಮುಕಿಸಿ ಮತ್ತೆ ಒಲೆಗೆ. ಕೆಡಿಸಲು ಸಾಧ್ಯವಿಲ್ಲದ ಸಿಹಿ ಇದು.

ಕೇಸರಿಬಾತ್ ಕೇಳಿದರೆ ಬನ್ಸಿ ರವೆಯಲ್ಲೇ ಮಾಡುತ್ತೇನೆ. ರವೆ ಪೂರ್ತಿ ಬೆಂದ ಮೇಲಷ್ಟೇ ಸಕ್ಕರೆ, ಮುಂಚೆ ಬಿದ್ದರೆ ನೀರನ್ನು ಸಕ್ಕರೆ ಎಳೆದುಕೊಂಡು ರವೆ ಗಟ್ಟಿಯಾಗೇ ಉಳಿಯುತ್ತದೆ. ಆದರೆ ಪಾಸ್ತಾ ತಿಂದ ರಾತ್ರಿ ಇದು ಹೊಟ್ಟೆಗೆ ಭಾರ, ಬೇಡ. ಭಾನುವಾರ ಬೆಳಿಗ್ಗೆಗೆ ಇಟ್ಟುಕೊಳ್ಳಿ. ಪಕ್ಕದಲ್ಲಿ ಖಾರಕ್ಕೆ ರಾತ್ರಿ ಉಳಿದ ಪಾಸ್ತಾ ಇದ್ದೇ ಇರುತ್ತದೆ: ಸಾಸಿವೆ, ಕಡಲೆಬೇಳೆ, ಕರಿಬೇವಿನ ಒಗ್ಗರಣೆಗೆ ಹಾಕಿ, ಅಂಚು ಸ್ವಲ್ಪ ಗರಿಗರಿಯಾಗುವವರೆಗೆ ಬಾಡಿಸಿ. ಈಗ ಈರುಳ್ಳಿಯೂ ಹಾಕಬಹುದು, ಶನಿವಾರ ಕಳೆಯಿತಲ್ಲ.